ಮಗನ ಶವದ ಮುಂದೆ ಕಂಡ ತಂದೆ

ರನ್ನನನ್ನು ನಾವು ಓದುವುದು ಹೆಚ್ಚಾಗಿ ವೀರರಸಕ್ಕಾಗಿ. ಭೀಮನ ಗರ್ಜನೆ, ದುರ್ಯೋಧನನ ಛಲ ಇವೇ ನಮ್ಮ ನೆನಪಿನಲ್ಲಿ ಉಳಿದಿವೆ. ಆದರೆ ಮುದುವೊಳಲಿನ, ಅಂದರೆ ಇಂದಿನ ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಈ ಕವಿಯ 'ಗದಾಯುದ್ಧ'ದಲ್ಲಿ ಒಬ್ಬ ತಂದೆಯ ದನಿಯೂ ಇದೆ.

ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ಸಾಗುವ ದುರ್ಯೋಧನನಿಗೆ ಮಗ ಲಕ್ಷಣಕುಮಾರನ ಶವ ಕಾಣುತ್ತದೆ. ಮಗ ಅಪ್ಪನಿಗೆ ಕೊಡಬೇಕಾದ ತರ್ಪಣವನ್ನು ಅಪ್ಪನೇ ಮಗನಿಗೆ ಕೊಡುವಂತಾಯಿತಲ್ಲ, ಲೋಕದ ಕ್ರಮವೇ ತಲೆಕೆಳಗಾಯಿತಲ್ಲ ಎಂದು ಅವನು ಹಲುಬುತ್ತಾನೆ. ಈ ಕಾವ್ಯದ ನಾಯಕ ಭೀಮ. ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಬರೆದ ಕೃತಿ ಇದು. ಹಾಗಿದ್ದೂ ಎದುರಾಳಿಯೊಳಗಿನ ತಂದೆಯನ್ನು ಕಂಡದ್ದು ರನ್ನನ ದೊಡ್ಡತನ.

ಆದರೆ ಗಮನಿಸಿ, ಈ ತಂದೆ ನಮಗೆ ಕಾಣುವುದು ಮಗ ಸತ್ತ ಮೇಲೆ. ಹುಟ್ಟಿನ ಹೊತ್ತಿನಲ್ಲಿ ಅವನೆಲ್ಲಿದ್ದ? ನಮ್ಮ ಬೀಸುಕಲ್ಲಿನ ಪದಗಳಲ್ಲಿಯೂ ತಾಯಿ, ತವರು, ಅಣ್ಣಂದಿರೇ ತುಂಬಿದ್ದಾರೆ. ಕುಬಸ ಮುಗಿಸಿ ಚೊಚ್ಚಲ ಹೆರಿಗೆಗೆ ಹೆಂಡತಿ ತವರಿಗೆ ಹೋದರೆ ಗಂಡ ಅಲ್ಲಿ ಬರೀ ನೆಂಟ. ಮುಸ್ಲಿಮರ ಮನೆಯಲ್ಲಿ ಕೂಸಿನ ಕಿವಿಯಲ್ಲಿ ಅಜಾನ್ ಹೇಳುವ ಭಾಗ್ಯ ಅವನಿಗೆ ಸಿಗಬಹುದು. ಮರುದಿನ ಅವನೂ ದುಡಿಮೆಗೆ ಹೊರಡಲೇಬೇಕು.

ಹೊರಡದಿದ್ದರೆ ಏನಾಗುತ್ತದೆ ಎಂಬುದನ್ನು ರನ್ನನ ನಾಡಿನಲ್ಲೇ ನೋಡಬಹುದು. ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ನೇಯ್ದಷ್ಟಕ್ಕೇ ಮಜೂರಿ. ಕಂಡಿಕೆ ಸುತ್ತಿಕೊಡುವ ಹೆಂಡತಿಗೆ ದಿನ ತುಂಬಿದರೆ ಮಗ್ಗವೂ ಕುಂಟುತ್ತದೆ; ಗಂಡ ಆಸ್ಪತ್ರೆಯಲ್ಲಿ ಕುಳಿತರೆ ಅದು ನಿಂತೇಬಿಡುತ್ತದೆ. ಖರ್ಚು ಏರುವ ಹೊತ್ತಿಗೇ ಗಳಿಕೆ ಇಳಿಯುತ್ತದೆ. ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ಸೀಮೆಯಲ್ಲಿ ಹಂಗಾಮಿನಲ್ಲಿ ಗ್ಯಾಂಗಿನ ಜೊತೆ ಕಟಾವಿಗೆ ಇಳಿದವನಿಗೂ ಇದೇ ಲೆಕ್ಕ.

2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. ಅದು ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ. ಮನೆಯಲ್ಲೇ ಕಂಡಿಕೆ ಸುತ್ತುವವಳನ್ನು ಅದು ಮುಟ್ಟಲಿಲ್ಲ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ ಬರುತ್ತದೆ, ಬರಲೇಬೇಕು. ಸರ್ಕಾರಿ ನೌಕರನಾದ ತಂದೆಗೆ 15 ದಿನಗಳ ಪಿತೃತ್ವ ರಜೆಯಿದೆ. ನೇಕಾರನಿಗೆ? ಅವನ ಮಗು ಹುಟ್ಟುವುದಕ್ಕೆ ಹೊತ್ತೇ ಬೇಡವೇ?

ರಜೆ ಕೊಟ್ಟರೆ ಗಂಡಸರು ಚಹಾದಂಗಡಿಯಲ್ಲಿ ಕೂರುತ್ತಾರೆ ಎನ್ನುವವರಿದ್ದಾರೆ. ಹೆರಿಗೆ ಹೆಂಗಸರ ವಿಷಯವೆಂದು ಜಾರಿಕೊಳ್ಳುವ ಗಂಡಸರು ಉಂಟು, ಸುಳ್ಳಲ್ಲ. ಅಂಥವರನ್ನು ಮನೆಯವರೇ ತರಾಟೆಗೆ ತೆಗೆದುಕೊಳ್ಳಲಿ. ಆದರೆ ಉಳಿಯಬೇಕೆಂದರೂ ಉಳಿಯಲಾಗದವನನ್ನು ಅವರ ಸಾಲಿಗೆ ಸೇರಿಸುವುದು ಅನ್ಯಾಯ.

ಜೂನ್ ತಿಂಗಳಲ್ಲಿ ತಂದೆಯರ ದಿನ ಬಂದಾಗ ತ್ಯಾಗಮಯಿ ಅಪ್ಪನ ಕುರಿತು ಕವಿತೆಗಳು ಹರಿದಾಡುತ್ತವೆ. ತ್ಯಾಗವನ್ನು ಹೊಗಳುವುದು ಸುಲಭ, ಖರ್ಚಿಲ್ಲದ ಕೆಲಸ. ಹೆರಿಗೆಯ ಒಂದು ವಾರದ ಮಜೂರಿಯನ್ನು ಮಗ್ಗದ ಮಾಲೀಕರು, ಸಕ್ಕರೆ ಕಾರ್ಖಾನೆಗಳು, ಸರ್ಕಾರ ಕೂಡಿ ತುಂಬಿಕೊಡಲಿ. ಬಾಣಂತಿಗೆ ಒಂದು ಆಸರೆ ಸಿಗುತ್ತದೆ. ಮಗುವಿಗೆ ಕಣ್ಣು ಬಿಟ್ಟ ವಾರದಲ್ಲೇ ಅಪ್ಪ ಸಿಗುತ್ತಾನೆ.