ಬ್ಯಾಂಡ್ ಮಾಸ್ತರಿಗೊಂದು ಕುರ್ಚಿ

2008ರಲ್ಲಿ ಅಮೆರಿಕದಲ್ಲಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯೊಂದು ಬಿಡುಗಡೆಯಾಯಿತು. ಹೆಸರಿನ ಅರ್ಥ ‘ಬಂಧುಗಳು’. ಅದರಲ್ಲಿ ಇಬ್ಬರು ಸ್ಯಾಕ್ಸೋಫೋನ್ ವಾದಕರು ಎದುರುಬದುರಾಗಿ ನುಡಿಸುತ್ತಾರೆ. ಒಬ್ಬರು ಬಂಟ್ವಾಳ ಸೀಮೆಯಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥ್. ಇನ್ನೊಬ್ಬರು ರುದ್ರೇಶ್ ಮಹಾಂತಪ್ಪ. ಅವರ ತಂದೆತಾಯಿ ಕರ್ನಾಟಕ ಮೂಲದವರು, ಅವರು ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ಕದ್ರಿಯವರ ಮುದ್ರಿಕೆಯೊಂದನ್ನು ಅಣ್ಣ ತಮಾಷೆಗೆಂದು ತಂದುಕೊಟ್ಟಾಗ, ರುದ್ರೇಶರಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಈ ಮುದ್ರಿಕೆಯನ್ನು ಇವತ್ತು ಕೇಳುವಾಗ ಗಮನ ಸೆಳೆಯುವುದು ಇಬ್ಬರ ಬೆರಳುಗಳ ವೇಗವಲ್ಲ, ಅದರ ಹಂಚಿಕೆ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಕರಾಚಿಯಲ್ಲಿ ಹುಟ್ಟಿದ ರೆಜ್ ಅಬ್ಬಾಸಿಯವರ ಗಿಟಾರು ಇಲ್ಲಿ ಪಕ್ಕವಾದ್ಯಗಳಾಗಿ ಹಿಂದೆ ಸರಿದು ಕೂರುವುದಿಲ್ಲ. ಗಿಟಾರಿನವರಿಗೂ ಪಿಟೀಲಿನವರಿಗೂ ಅವರವರ ಹೆಸರಿನಲ್ಲೇ ಒಂದೊಂದು ಆಲಾಪವಿದೆ. ಗಮಕಗಳನ್ನು ಒಲಿಸಿಕೊಳ್ಳಲು ಕದ್ರಿಯವರು ತಮ್ಮ ವಾದ್ಯವನ್ನೇ ತಿದ್ದಿಕೊಂಡವರು. ಅವರ ಸ್ವರ ತೂಗುತ್ತ ಬಂದರೆ ರುದ್ರೇಶರದು ಚೂಪಾಗಿ ಚಿಮ್ಮುತ್ತದೆ. ಎರಡನ್ನೂ ಕಲಸಿ ಒಂದು ಮಾಡುವ ಹಟ ಇಲ್ಲಿಲ್ಲ. ಮುಂದಾಳಾದವನು ತಾನು ಸುಮ್ಮನಿದ್ದು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುವ ವಿದ್ಯೆ ಇದು. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ರುದ್ರೇಶರನ್ನು ಜಾಝ್ ನಿರ್ದೇಶಕರನ್ನಾಗಿ ನೇಮಿಸಿಕೊಂಡಿತು. ಕದ್ರಿಯವರಿಗೆ 2004ರಲ್ಲಿ ಪದ್ಮಶ್ರೀ ಬಂತು, ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂತು. 2019ರಲ್ಲಿ ಅವರು ತೀರಿಕೊಂಡರು. ಒಂದು ಸಮಾಜ ಕಲಾವಿದನಿಗೆ ಕೆಲಸ ಕೊಟ್ಟಿತು, ಇನ್ನೊಂದು ಶಾಲು ಹೊದಿಸಿತು. ನನ್ನ ಪ್ರಶ್ನೆ ಇರುವುದು ಈ ಎರಡರ ನಡುವಿನ ಅಂತರದಲ್ಲಿ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬ್ಯಾಂಡ್ ನಿರ್ದೇಶಕ ಎಂಬುದು ಸಂಬಳದ ಹುದ್ದೆ. ವಿದ್ಯಾರ್ಥಿಗಳ ವಾದನ ಕೇಳಿ ಆರಿಸುವುದು, ಯಾರು ಮೊದಲ ಸಾಲಿಗೆ, ಯಾರು ಮೂರನೆಯದಕ್ಕೆ ಎಂದು ಗೊತ್ತುಮಾಡುವುದು, ಕೃತಿಗಳನ್ನು ಆಯ್ದು ಒಂದೊಂದು ವಾದ್ಯಕ್ಕೂ ಪಾಲು ಹಂಚುವುದು, ವಾರವಾರವೂ ತಾಲೀಮು ನಡೆಸುವುದು ಅವನ ಕೆಲಸ. ಆದರೆ ಈ ಬಾಗಿಲು ತಾನಾಗಿ ತೆರೆದುಕೊಂಡದ್ದಲ್ಲ. ಉತ್ತರ ಟೆಕ್ಸಾಸಿನ ಕಾಲೇಜೊಂದು 1947ರಲ್ಲಿ ಜಾಝ್ ಕಲಿಸತೊಡಗಿದಾಗ ಆ ಪದವಿಯನ್ನು ಕರೆದದ್ದು ‘ಡಾನ್ಸ್ ಬ್ಯಾಂಡ್’ ಎಂದು. ಜಾಝ್ ಎಂಬ ಪದಕ್ಕೆ ಆಗ ಮರ್ಯಾದೆಯಿರಲಿಲ್ಲ. ಕಪ್ಪು ಜನರ ಬೀದಿಗಳಲ್ಲಿ, ಕುಡಿತದ ಅಡ್ಡೆಗಳಲ್ಲಿ ಬೆಳೆದ ಸಂಗೀತ ಎಂಬ ತಾತ್ಸಾರವಿತ್ತು. ಅದೇ ಸಂಸ್ಥೆಯಲ್ಲಿ ಲಿಯಾನ್ ಬ್ರೀಡನ್ 1959ರಿಂದ 1981ರವರೆಗೆ ಜಾಝ್ ವಿಭಾಗ ನಡೆಸಿ ಅದನ್ನು ಹೆಸರುವಾಸಿ ಮಾಡಿದರು. ರುದ್ರೇಶರೂ ಕೆಲಕಾಲ ಅಲ್ಲಿ ಓದಿದವರೇ.

ವಿಲಿಯಂ ಫಾಸ್ಟರ್ ಅವರ ಕತೆ ಇನ್ನೂ ಕಟುವಾದುದು. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರಿಗೆ ಸಿಕ್ಕ ಉಪದೇಶ, ಕಪ್ಪು ಜನರಿಗೆ ವಾದ್ಯವೃಂದ ನಡೆಸುವ ಕೆಲಸ ಸಿಗುವುದಿಲ್ಲ ಎಂಬುದು. ಅವರು 1946ರಲ್ಲಿ ಫ್ಲಾರಿಡಾದಲ್ಲಿದ್ದ ಕಪ್ಪು ಜನರ ಕಾಲೇಜಿನ ಬ್ಯಾಂಡಿಗೆ ಮಾಸ್ತರರಾಗಿ ಸೇರಿದರು. 1998ರವರೆಗೆ, 52 ವರ್ಷ, ಅಲ್ಲಿಯೇ ಇದ್ದರು. ಫ್ರೆಂಚ್ ಕ್ರಾಂತಿಯ ಇನ್ನೂರನೇ ವರ್ಷದ ಪ್ಯಾರಿಸ್ ಮೆರವಣಿಗೆಯಲ್ಲಿ, 1989ರಲ್ಲಿ, ಅಮೆರಿಕದ ಪರವಾಗಿ ಹೆಜ್ಜೆಹಾಕಿದ್ದು ಅವರ ಬ್ಯಾಂಡು.

ನಮ್ಮಲ್ಲಿ ವಿಶ್ವವಿದ್ಯಾಲಯಗಳು ಸಂಗೀತವನ್ನು ಕಡೆಗಣಿಸಿದವು ಎನ್ನಲಾಗದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮಲ್ಲಿಕಾರ್ಜುನ ಮನ್ಸೂರರನ್ನು ಗೌರವ ನಿರ್ದೇಶಕರನ್ನಾಗಿಯೂ ಗಂಗೂಬಾಯಿ ಹಾನಗಲ್ಲರನ್ನು ಗೌರವ ಪ್ರಾಧ್ಯಾಪಕರನ್ನಾಗಿಯೂ ಕರೆದುಕೊಂಡಿತು. ದೊಡ್ಡ ಕೆಲಸವೇ. ಆದರೆ ಗೌರವ ಸಂದದ್ದು ಒಂಟಿಯಾಗಿ ಹಾಡುವ ದೊಡ್ಡ ಕಂಠಗಳಿಗೆ. ಗುರುವಿನೆದುರು ಶಿಷ್ಯ ಕೂತು ಕಲಿಯುವ ಕ್ರಮ ನಮ್ಮ ವಿದ್ಯೆಯ ಬೆನ್ನೆಲುಬು. ಇಪ್ಪತ್ತು ಜನ ಒಟ್ಟಿಗೆ ಉಸಿರೆಳೆದು ಒಟ್ಟಿಗೆ ನಿಲ್ಲಿಸುವುದನ್ನು ಕಲಿಸುವವನೂ ಗುರುವೇ ಎಂಬ ತಿಳಿವಳಿಕೆ ನಮ್ಮ ಪಠ್ಯಕ್ರಮಗಳಿಗೆ ಸುಲಭವಾಗಿ ಇಳಿದಿಲ್ಲ.

ಬ್ಯಾಂಡು ಪರದೇಶದ್ದು, ಅದಕ್ಕೇ ಹೀಗೆ ಎಂದು ಹೇಳಬಹುದು. ಈ ಮಾತು ನಿಲ್ಲುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯ ವಾದ್ಯವೃಂದವನ್ನು ನಡೆಸಿದವರು ಜರ್ಮನಿಯ ಆಟೊ ಸ್ಮಿತ್. ಪಾಶ್ಚಾತ್ಯ ವಾದ್ಯಗಳಲ್ಲಿ ಕರ್ನಾಟಕ ಸಂಗೀತದ ಕೀರ್ತನೆಗಳನ್ನು ನುಡಿಸುವ ಕರ್ನಾಟಕ ಬ್ಯಾಂಡ್ ಕೂಡ ಅಲ್ಲಿತ್ತು. ಆ ಪರಂಪರೆಯನ್ನು ಮುಂದೆ ಪೊಲೀಸ್ ಬ್ಯಾಂಡ್ ಉಳಿಸಿಕೊಂಡು ಬಂತು. ಕದ್ರಿಯವರು ಹುಡುಗನಾಗಿದ್ದಾಗ ಸ್ಯಾಕ್ಸೋಫೋನಿಗೆ ಮನಸೋತದ್ದು ಇದೇ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅಂದರೆ ಪ್ರಿನ್ಸ್‌ಟನ್‌ನಲ್ಲಿ ಕೂತ ನಿರ್ದೇಶಕನ ಸಂಗೀತಕ್ಕೆ ಒಂದು ಬೇರು ಮೈಸೂರಿನ ಬ್ಯಾಂಡಿನಲ್ಲಿದೆ. ಅರಮನೆ ಮತ್ತು ಪೊಲೀಸು ಕೊಟ್ಟ ಜಾಗವನ್ನು ವಿದ್ಯಾಲಯ ಕೊಡಲಿಲ್ಲ ಎಂಬುದೇ ವಿಪರ್ಯಾಸ.

ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಗೆ ಬನ್ನಿ. ಇಲ್ಲಿ ಬ್ಯಾಂಡ್ ಮಾಸ್ತರರ ಕೆಲಸ ಆ ನಿರ್ದೇಶಕರ ಕೆಲಸಕ್ಕಿಂತ ಬೇರೆಯಲ್ಲ. ಹುಡುಗರನ್ನು ಆರಿಸುವುದು, ಸಿನಿಮಾ ಹಾಡನ್ನು ಕ್ಲಾರಿಯೋನೆಟ್‌ಗೆ ಇಷ್ಟು, ಟ್ರಂಪೆಟ್‌ಗೆ ಇಷ್ಟು ಎಂದು ಹಂಚುವುದು, ನಡೆಯುತ್ತಲೇ ತಾಳ ತಪ್ಪದಂತೆ ಕಾಯುವುದು. ಲಿಂಗಾಯತರ ಮದುವೆ, ಮುಸ್ಲಿಮರ ಮದುವೆ, ದರ್ಗಾದ ಗಂಧ, ಊರ ಜಾತ್ರೆ ಎಲ್ಲಕ್ಕೂ ಅದೇ ತಂಡ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ರಂಜಾನಿನಲ್ಲಿ, ಮೊಹರಂನಲ್ಲಿ ಮದುವೆಗಳಿಲ್ಲ, ಸಂಪಾದನೆಯೂ ಇಲ್ಲ. ಎರಡು ಧರ್ಮಗಳ ಪಂಚಾಂಗವನ್ನೂ ಹೊಟ್ಟೆಯಿಂದಲೇ ಬಲ್ಲವರು ಇವರು. ಈಗ ಡಿಜೆ ಬಂದು ಉಳಿದ ತಿಂಗಳುಗಳನ್ನೂ ಕಸಿಯುತ್ತಿದೆ. ಇವರಲ್ಲಿ ಮುಸ್ಲಿಮರಾದವರಿಗೆ ಇನ್ನೊಂದು ಕಷ್ಟವಿದೆ. ಬಾಜಾ ನಿಷಿದ್ಧ ಎಂದು ಮನೆಯವರೇ ಮುಖ ತಿರುಗಿಸುತ್ತಾರೆ, ಇದು ಶಾಸ್ತ್ರೀಯವಲ್ಲ ಎಂದು ವಿದ್ವಾಂಸರು ಮುಖ ತಿರುಗಿಸುತ್ತಾರೆ. ಮೊದಲನೆಯದು ನಂಬಿಕೆಯ ಪ್ರಶ್ನೆ, ಅದರ ಚರ್ಚೆಗೆ ಶತಮಾನಗಳ ಇತಿಹಾಸವಿದೆ. ಎರಡನೆಯದು ಬರಿಯ ಮೇಲರಿಮೆ.

ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ವಾದ್ಯದವರ ಸಾಲುಗಳಿವೆ. ಆ ಕಲ್ಲಿನ ವಾದಕರ ಮೇಲೆ ಸಂಶೋಧನೆ ಮಾಡುತ್ತೇವೆ, ಜೀವಂತ ವಾದಕರಿಗೆ ಮದುವೆಯ ಮುಂಗಡ ಕೊಟ್ಟು ಮರೆಯುತ್ತೇವೆ.

ವಿಶ್ವವಿದ್ಯಾಲಯ ಎಲ್ಲಕ್ಕೂ ಮದ್ದಲ್ಲ, ನಿಜ. ಬೀದಿಯ ಸಂಗೀತ ತರಗತಿಗೆ ಬಂದರೆ ಪಳಗಿ ಸಪ್ಪೆಯಾಗುತ್ತದೆ, ಎಲ್ಲರೂ ಒಂದೇ ಅಚ್ಚಿನಲ್ಲಿ ನುಡಿಸತೊಡಗುತ್ತಾರೆ ಎಂಬ ದೂರು ಅಮೆರಿಕದ ಜಾಝ್ ಲೋಕದಲ್ಲೇ ಇದೆ. ಆದರೆ ಪಳಗುವ ಭಯವನ್ನು ಮುಂದೆ ಮಾಡಿ ಹಸಿವಿಗೆ ಬಿಡುವುದು ನ್ಯಾಯವಲ್ಲ. ಹೊಸಪೇಟೆಯ ಮಗ್ಗುಲಲ್ಲೇ, 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯವಿದೆ. ಪುಸ್ತಕದ ಹೊರಗಿನ ವಿದ್ಯೆಯನ್ನೂ ವಿದ್ಯೆಯೆಂದು ಒಪ್ಪಿದ ಸಂಸ್ಥೆ ಅದು. ಅಂಥ ಕಡೆ ವರ್ಷಕ್ಕೊಬ್ಬ ಬ್ಯಾಂಡ್ ಮಾಸ್ತರರನ್ನು ಸಂಬಳ ಕೊಟ್ಟು ಕೂರಿಸಿ, ಇಪ್ಪತ್ತು ಹುಡುಗ ಹುಡುಗಿಯರ ಕೈಗೆ ವಾದ್ಯ ಕೊಡಲಿ. ಒಬ್ಬ ನುಡಿಸುವಾಗ ಹತ್ತೊಂಬತ್ತು ಜನ ಕೇಳಿಸಿಕೊಳ್ಳುವುದನ್ನು ಕಲಿಯುವುದು ಈ ಕಾಲದಲ್ಲಿ ಸಣ್ಣ ಶಿಕ್ಷಣವೇನಲ್ಲ.