ಔಷಧ ಕೊಟ್ಟ ಗುಡಿಗಳನ್ನು ನೋಡುವ ಬಗೆ

ಧರ್ಮಾಸ್ಪತ್ರೆಯ ಕಲೆ ಎಂದರೆ ಯುರೋಪಿನವರು ಸ್ಪೇನಿನ ಸೆವಿಲ್ ನಗರದ ಕರಿದಾದ್ ಆಸ್ಪತ್ರೆಯತ್ತ ಕೈ ತೋರುತ್ತಾರೆ. 17ನೇ ಶತಮಾನದ ಬರೋಕ್ ವೈಭವವೆಲ್ಲ ಅದರ ಇಗರ್ಜಿಯಲ್ಲಿದೆ. ಅಲ್ಲಿ ಮುರಿಲ್ಯೊ ಬರೆದ ಒಂದು ಚಿತ್ರದಲ್ಲಿ ರಾಜಮನೆತನದ ಸಂತ ಎಲಿಜಬೆತ್, ಬೋಗುಣಿಯ ಮೇಲೆ ಬಾಗಿದ ಹುಡುಗನ ಹುಣ್ಣಿನ ತಲೆಯನ್ನು ಕೈಯಾರೆ ತೊಳೆಯುತ್ತಿದ್ದಾಳೆ.

ಹೊಸೂರು, ಕೃಷ್ಣಗಿರಿ ಕಡೆಯ ಕನ್ನಡಿಗರು ಇಂಥ ಕರುಣೆಯ ಕಲೆ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಆದರೆ ನೋಡುವ ಕ್ರಮ ಬೇರೆ. ಸೆವಿಲ್‌ನಲ್ಲಿ ಚಿತ್ರ ಹೇಳುವುದನ್ನು ನಮ್ಮಲ್ಲಿ ಶಾಸನ ಹೇಳುತ್ತದೆ. ಗುಡಿಯನ್ನೂ ಶಾಸನವನ್ನೂ ಜೊತೆಗಿಟ್ಟು ನೋಡದಿದ್ದರೆ ಅರ್ಧ ಕೈತಪ್ಪುತ್ತದೆ.

ಮೊದಲು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರ 11ನೇ ಶತಮಾನದ ಚಾಲುಕ್ಯ ಶೈಲಿಯ ತ್ರಿಕೂಟ ದೇವಾಲಯ. ಒಳಗೆ ಕಾಲಿಟ್ಟವರು ನೇರ ಗರ್ಭಗುಡಿಗೆ ಧಾವಿಸಬೇಡಿ. ಮಂಟಪದಲ್ಲಿ ಕೂತು ಒಂದೇ ಒಂದು ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿ. ತಿರುಗಣೆಯಲ್ಲಿ ಕಡೆದ ಬಳಪದ ಕಲ್ಲು ಅದು. ಉಳಿಗೆ ಒಗ್ಗುವ ಮೃದುವಾದ ಕಲ್ಲಾದ್ದರಿಂದಲೇ ಅಂಚು ಅಷ್ಟು ಚೂಪು, ಬಳೆಯಂಥ ಸುತ್ತುಗಳು ಅಷ್ಟು ತೆಳು. ಬೆಳಕು ಓರೆಯಾಗಿ ಬಿದ್ದಾಗ ಒಂದೊಂದು ಸುತ್ತಿನ ಕೆಳಗೂ ಒಂದೊಂದು ನೆರಳಿನ ಗೆರೆ ಮೂಡುತ್ತದೆ.

ಆಮೇಲೆ ಶಾಸನಕ್ಕೆ ಬನ್ನಿ. ಈ ಗುಡಿ ಕಾಳಾಮುಖ ಶೈವರ ಕೋಡಿಯ ಮಠಕ್ಕೆ ಸೇರಿತ್ತು. ಬಿಜ್ಜಳನ ಕಾಲದ, 1162ರ ಶಾಸನ ಆ ಮಠವನ್ನು ಬಣ್ಣಿಸುವ ರೀತಿ ನನಗೆ ಯಾವ ಶಿಲ್ಪಕ್ಕೂ ಕಡಿಮೆಯೆನಿಸಿಲ್ಲ. ವೇದ, ವ್ಯಾಕರಣ, ದರ್ಶನ, ಪುರಾಣಗಳನ್ನು ಓದಿಸುವ ತಾಣವೆಂದು ಗಂಭೀರವಾಗಿ ಶುರುವಾಗುವ ವರ್ಣನೆ ಮೆಲ್ಲಗೆ ಊಟದ ಪಂಕ್ತಿಗೆ ಇಳಿಯುತ್ತದೆ. ಅಲ್ಲಿ ದೀನರು, ಕುಂಟರು, ಕುರುಡರು, ಕಿವುಡರು ಕೂತಿದ್ದಾರೆ, ಹಾಡುವವರು, ಕುಣಿಯುವವರಿದ್ದಾರೆ, ಶೈವಮಠವಾದರೂ ಜೈನ, ಬೌದ್ಧ ಭಿಕ್ಷುಗಳಿಗೂ ಎಲೆ ಹಾಕಿದೆ. ಆಮೇಲೆ ಬರುವುದೇ ನಾನಾ ರೋಗಿಗಳಿಗೆ ಔಷಧ ಕೊಡುವ ಜಾಗವೆಂಬ ಮಾತು, ಅದರ ಬೆನ್ನಿಗೇ ಸಕಲ ಜೀವಿಗಳಿಗೂ ಅಭಯ ನೀಡುವ ಜಾಗವೆಂಬ ಮಾತು. ಇಷ್ಟು ಓದಿಕೊಂಡು ಮತ್ತೆ ಮಂಟಪಕ್ಕೆ ಹೋಗಿ. ಆ ಕಂಬಗಳ ನಡುವೆ ಯಾರೆಲ್ಲ ಓಡಾಡಿರಬಹುದೆಂದು ಗೊತ್ತಾಗುತ್ತದೆ.

ಹೊಸೂರಿನವರಿಗೆ ತಮ್ಮದೇ ರಾಜ್ಯದಲ್ಲಿ ಇನ್ನೊಂದಿದೆ: ಕಾಂಚೀಪುರದ ಕಡೆ, ಪಾಲಾರ್ ದಡದ ತಿರುಮುಕ್ಕೂಡಲ್. ಅಲ್ಲಿನ ವೆಂಕಟೇಶ ಪೆರುಮಾಳ್ ಗುಡಿಯ ಗೋಡೆಯಲ್ಲಿ ಚೋಳರ ವೀರರಾಜೇಂದ್ರನ ಕಾಲದ, ಅಂದರೆ 11ನೇ ಶತಮಾನದ, ದೊಡ್ಡ ತಮಿಳು ಶಾಸನವಿದೆ. ಬಳ್ಳಿಗಾವಿಯದು ಕಾವ್ಯದ ಧಾಟಿ, ಇದು ಲೆಕ್ಕದ ಪುಸ್ತಕದ ಧಾಟಿ. ಹದಿನೈದು ಹಾಸಿಗೆಯ ಆಸ್ಪತ್ರೆ, ವೈದ್ಯ, ಶಸ್ತ್ರಚಿಕಿತ್ಸಕ, ಮೂಲಿಕೆ ತರುವವರು, ಶುಶ್ರೂಷೆಯ ಹೆಂಗಸರು, ದಾಸ್ತಾನಿಡಬೇಕಾದ ಔಷಧಗಳು, ಎಲ್ಲವೂ ಬಾಬುವಾರು ಕೊರೆದಿದೆ.

ಸೀರೆಗೆಂದು ಕಾಂಚೀಪುರಕ್ಕೆ ಹೋದಾಗ ಅರ್ಧ ದಿನ ಎತ್ತಿಟ್ಟು ತಿರುಮುಕ್ಕೂಡಲಿಗೂ ಹೋಗಿಬನ್ನಿ. ತಮಿಳು ಬಲ್ಲ ಹಿರಿಯರೊಬ್ಬರು ಜೊತೆಗಿರಲಿ. ಹಳೆಯ ಲಿಪಿ ಓದಲಾಗದು, ಆದ್ದರಿಂದ ಶಾಸನದ ಅಚ್ಚಾದ ಪಾಠವನ್ನು ಮರೆಯದೆ ಕೈಯಲ್ಲಿ ಹಿಡಿದು ಹೋಗಿ.