ಶೇ. 20ರ ದಂಡ

ಬಳಗಾನೂರಿನಿಂದ ಬಸ್ಸು ಹತ್ತಿ ಸಿಂಧನೂರಿನ ವಿಡಿಯೊ ಗೇಮ್ ಅಂಗಡಿಗೆ ಹೋಗುತ್ತಿದ್ದ ನಮ್ಮ ಗುಂಪಿನಲ್ಲಿ ಒಬ್ಬನ ಎಡಗೈ ಮಣಿಕಟ್ಟು ತಿರುಗುತ್ತಿರಲಿಲ್ಲ. ಸ್ಟ್ರೀಟ್ ಫೈಟರ್ ಎಂಬ ಹೊಡೆದಾಟದ ಆಟದಲ್ಲಿ ಹ್ಯಾಂಡಲ್ ಇರುವುದೇ ಎಡಗೈಗೆ. ಅವನು ಆಡಿಸುತ್ತಿದ್ದ ಪಾತ್ರ ರ್ಯೂ ಗುದ್ದುತ್ತಿದ್ದ, ಒದೆಯುತ್ತಿದ್ದ. ಹಾರಿಬಂದವನನ್ನು ಗಾಳಿಯಲ್ಲೇ ಹೊಡೆದುರುಳಿಸುವ ಶೋರ್ಯುಕೆನ್ ಮಾತ್ರ ಒಮ್ಮೆಯೂ ಬರಲಿಲ್ಲ.

2023ರ ಜೂನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್ 6ರ ಹ್ಯಾಂಡಲ್ ತಿರುಗಿಸದೆಯೇ ಪಟ್ಟು ಹಾಕಗೊಡುವ 'ಮಾಡರ್ನ್' ಕಂಟ್ರೋಲ್ ಇಂಥವರಿಗೆ ಬಾಗಿಲು ತೆರೆಯಿತೆಂದು ಹೊಗಳಿದ್ದೇ ಹೊಗಳಿದ್ದು. ಬಾಗಿಲೇನೋ ತೆರೆದಿದೆ. ಹೊಸ್ತಿಲಲ್ಲಿ ವಸೂಲಾಗುವ ಸುಂಕದ ಮಾತನ್ನು ಹೊಗಳುವವರು ಎತ್ತುವುದಿಲ್ಲ.

ಶೋರ್ಯುಕೆನ್ ಒಂದನ್ನೇ ನೋಡೋಣ. ಹಳೆಯ ಕ್ರಮದಲ್ಲಿ ಹ್ಯಾಂಡಲ್ ಮುಂದಕ್ಕೆ, ಕೆಳಕ್ಕೆ, ಆಮೇಲೆ ಮುಂದಿನ ಕೆಳಮೂಲೆಗೆ. ಜೊತೆಗೆ ಗುದ್ದಿನ ಗುಂಡಿ. ಇದರ ಕಷ್ಟ ಬೆರಳಿನದೆಂದು ಎಲ್ಲರೂ ತಿಳಿದಿದ್ದಾರೆ. ಅರ್ಧ ಸತ್ಯ. ಈ ಆಟದಲ್ಲಿ ಏಟು ತಡೆಯಬೇಕಾದರೆ ಹ್ಯಾಂಡಲನ್ನು ಹಿಂದಕ್ಕೆ ಹಿಡಿದಿರಬೇಕು. ಮುಂದಕ್ಕೆ ತಳ್ಳಿದ ಕ್ಷಣ ಕಾವಲು ಬಿತ್ತು. ಎಂದರೆ ಶೋರ್ಯುಕೆನ್ ಹೊಡೆಯಲು ಹೊರಟವನು ಮೊದಲು ತನ್ನ ಎದೆಯನ್ನೇ ಒಡ್ಡಬೇಕು. ಒಂದು ಸೆಕೆಂಡ್‌ಗೆ 60 ಫ್ರೇಮ್ ಓಡುವ ಆಟದಲ್ಲಿ ಆ ನಾಲ್ಕಾರು ಫ್ರೇಮ್‌ಗಳೇ ಜೂಜು. ಮಾಡರ್ನ್‌ನಲ್ಲಿ ಮುಂದಕ್ಕೆ ಒತ್ತುವುದೂ ಗುಂಡಿ ಒತ್ತುವುದೂ ಒಟ್ಟಿಗೇ ಮುಗಿಯುತ್ತವೆ. ಕೊನೆಯ ಗಳಿಗೆಯವರೆಗೆ ಕಾವಲು ಹಿಡಿದು ಕೂರಬಹುದು. ಇದು ದೊಡ್ಡ ಲಾಭ, ಅದಕ್ಕೇ ಡ್ಯಾಮೇಜ್‌ನಲ್ಲಿ ಶೇ. 20 ಕಡಿತ. ಕೆಲವು ಸಾದಾ ಹೊಡೆತಗಳೂ ಕೈಬಿಟ್ಟುಹೋಗುತ್ತವೆ. ಇಲ್ಲಿಯವರೆಗೆ ಲೆಕ್ಕ ಸರಿಯಾಗೇ ಇದೆ.

ತಪ್ಪುವುದು ಮುಂದೆ. ಮಾಡರ್ನ್ ಆಯ್ದುಕೊಂಡವನೂ ಹಳೆಯ ಚಲನೆಯನ್ನು ಪೂರ್ತಿ ಮಾಡಿದರೆ ಕಡಿತವಿಲ್ಲ, ಪೂರ್ಣ ಪೆಟ್ಟು. ಕೈ ಗಟ್ಟಿಯಿದ್ದವನು ಅವಸರಕ್ಕೆ ಗುಂಡಿ ಒತ್ತುತ್ತಾನೆ, ಪುರುಸೊತ್ತಿದ್ದಾಗ ಚಲನೆ ಮಾಡುತ್ತಾನೆ; ಎರಡೂ ಕೈಯಲ್ಲಿ ಲಡ್ಡು. ನನ್ನ ಗೆಳೆಯನಂಥವನಿಗೆ ಆಯ್ಕೆಯೇ ಇಲ್ಲ, ಪ್ರತಿ ಸಲ ದಂಡ. ಅಂಗವಿಕಲರ ಹೆಸರಿನಲ್ಲಿ ಹೊಗಳಿಸಿಕೊಂಡ ಸೌಲಭ್ಯದ ಹೆಚ್ಚಿನ ಪಾಲು ಉಂಡವನು ಕೈಕಾಲು ನೆಟ್ಟಗಿರುವವನೇ.

ಇದನ್ನು ಹೇಳಿದೊಡನೆ ಹಳಬರು ನನ್ನ ಬೆನ್ನು ತಟ್ಟಲು ಬರುತ್ತಾರೆ: ಸಾಧನೆಗೆ ಬೆಲೆಯೇ ಹೋಯಿತು, ಗುಂಡಿ ಒತ್ತಿದವರೆಲ್ಲ ಪೈಲ್ವಾನರು! ಅವರ ಸಹವಾಸ ನನಗೆ ಬೇಡ. ಗರಡಿಯಲ್ಲಿ ಮಣ್ಣು ಮೆತ್ತಿಕೊಂಡ ಯಾರನ್ನಾದರೂ ಕೇಳಲಿ: ಪಟ್ಟು ಗೊತ್ತಿರುವವರು ಊರಿಗೆ ಹತ್ತು ಮಂದಿ, ಹಾಕುವ ಹೊತ್ತು ಗೊತ್ತಿರುವವನು ಒಬ್ಬ. ಎದುರಾಳಿ ಈಗ ಹಾರುತ್ತಾನೆಂದು ಮೊದಲೇ ಗ್ರಹಿಸುವುದನ್ನು ಯಾವ ಗುಂಡಿಯೂ ಮಾಡಿಕೊಡುವುದಿಲ್ಲ. ಬೆರಳ ಕಸರತ್ತನ್ನೇ ವಿದ್ಯೆಯೆಂದು ಪೂಜಿಸುವವರು ಬೀಗವನ್ನೇ ಮನೆಯೆಂದುಕೊಂಡಿದ್ದಾರೆ.

ನ್ಯಾಯದ ಮಾದರಿಗೆ ಈ ಆಟ ಹುಟ್ಟಿದ ಜಪಾನಿನತ್ತ ನೋಡಬೇಕಿಲ್ಲ. ಅಂಧರ ಮೊದಲ ಟಿ20 ವಿಶ್ವಕಪ್ 2012ರಲ್ಲಿ ನಡೆದದ್ದು ಬೆಂಗಳೂರಿನಲ್ಲೇ. ಗೆದ್ದ ತಂಡದ ನಾಯಕ ನಮ್ಮ ಶಿವಮೊಗ್ಗದ ಶೇಖರ್ ನಾಯ್ಕ್. ಆ ಕ್ರಿಕೆಟ್‌ನಲ್ಲಿ ಚೆಂಡಿನೊಳಗೆ ಗುಂಡುಗಳು ಗಲಗುಡುತ್ತವೆ, ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಬಿ1, ಅಂದರೆ ಪೂರ್ಣ ಅಂಧರು ಇರಲೇಬೇಕು. ಬಿ1 ಆಟಗಾರ ಹೊಡೆದ ಪ್ರತಿ ರನ್ನಿಗೆ ಎರಡರ ಲೆಕ್ಕ. ಒಂದು ಪುಟಿತದ ಮೇಲೆ ಅವನು ಹಿಡಿದರೂ ಕ್ಯಾಚು. ಇಲ್ಲಿ ನಿಯಮ ಕೊರತೆಯನ್ನು ಅಳೆದು ತುಂಬಿಕೊಡುತ್ತದೆ. ಅಲ್ಲಿ ಕೊರತೆಯಿದ್ದವನ ಜೇಬಿಗೇ ಕೈಹಾಕುತ್ತದೆ.

ವಿಚಿತ್ರವೆಂದರೆ ದಂಡ ಹಾಕದೆ ಕೊರತೆ ತುಂಬುವುದು ಸ್ಟ್ರೀಟ್ ಫೈಟರ್ 6ಕ್ಕೂ ಗೊತ್ತಿದೆ. ಎದುರಾಳಿಯ ದೂರ, ಉಳಿದ ಶಕ್ತಿ, ಏಟು ಮೇಲಿನದೋ ಕೆಳಗಿನದೋ ಎಂಬುದನ್ನೆಲ್ಲ ಸದ್ದಿನಲ್ಲಿ ತಿಳಿಸುವ ಏರ್ಪಾಡು ಅದರಲ್ಲಿದೆ. ಕಣ್ಣಿದ್ದವನು ಬಳಸಿದರೂ ಇಲ್ಲದವನು ಬಳಸಿದರೂ ಒಂದು ಪಾಯಿಂಟೂ ಕಡಿತವಿಲ್ಲ. ಮೆಚ್ಚಬೇಕಾದದ್ದು ಇದನ್ನು, ಮೆರವಣಿಗೆ ಮಾತ್ರ ಮಾಡರ್ನ್‌ದು.

ಆನ್‌ಲೈನ್ ಆಟದಲ್ಲಿ ಯಾರ ಮಣಿಕಟ್ಟು ತಿರುಗುವುದಿಲ್ಲವೆಂದು ಪರೀಕ್ಷಿಸಲಾಗದು, ಒಪ್ಪಿದೆ. ವೇದಿಕೆಯ ಪಂದ್ಯಾವಳಿಯಲ್ಲಿ ಆಟಗಾರ ಕಣ್ಣೆದುರೇ ಕೂತಿರುತ್ತಾನೆ. ಅಲ್ಲಾದರೂ ಚಲನೆ ಮಾಡಲಾಗದವನಿಗೆ ಆ ಶೇ. 20ನ್ನು ಹಿಂದಿರುಗಿಸಿ.